ಸುಗುಣಾಳ ಫೋನು ಬದುಕಿತ್ತು

ಮನೆಯನ್ನು ಹೆಂಡತಿಯ ಹೆಸರಿನಲ್ಲಿ ಕೊಂಡದ್ದು ತನ್ನ ಬದುಕಿನ ಅತಿ ಜಾಣತನದ ಕೆಲಸವೆಂದು ಹೃಷೀಕೇಶ ರಾವ್ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ. ಹೆಂಗಸರ ಹೆಸರಿಗೆ ಬ್ಯಾಂಕಿನವರು ಬಡ್ಡಿಯಲ್ಲಿ ತುಸು ಬಿಡುತ್ತಾರೆ ಎಂಬುದನ್ನು ಮದುವೆ ಮುಂಜಿಗಳಲ್ಲಿ, ಥಾಣೆ ಸ್ಟೇಶನ್ನಿನ ಸೇತುವೆಯ ಮೇಲೆ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ವಿವರಿಸಿದ್ದ. ಥಾಣೆಯ ಕೋಪರಿಯ ಹಳೆಯ ಕಟ್ಟಡದ ಎರಡನೇ ಮಹಡಿಯ ಆ ಮನೆ ಕಾಗದದ ಮೇಲೆ ಸುಗುಣಾಳದು, ನಿಜದಲ್ಲಿ ತನ್ನದು. ಹಳೆಯದನ್ನು ಕೆಡವಿ ಬಿಲ್ಡರ್ ಹೊಸದು ಕಟ್ಟಿಕೊಡುವ ರೀಡೆವಲಪ್‌ಮೆಂಟ್‌ಗೆ ಕಟ್ಟಡ ಹೋಗುವವರೆಗೆ ಈ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಹೋದ ಮೇಲೆ ಎಲ್ಲ ತಲೆಕೆಳಗಾಯಿತು. ಬಿಲ್ಡರನ ಕಡೆಯವರು ಬಂದರೆ ಸುಗುಣಾಳಿಗೆ ಕುರ್ಚಿ ಎಳೆದು ಕೊಡುತ್ತಿದ್ದರು, ಅವನಿಗೆ ಒಂದು ನಮಸ್ಕಾರ. ಸೊಸೈಟಿ ಮೀಟಿಂಗಿನಲ್ಲಿ ಅವಳ ಹೆಸರು ಕರೆಯುತ್ತಿದ್ದರು, ಅವಳು ಎದ್ದು ನಿಂತು ಅಡುಗೆಮನೆಯ ಗಾಳಿ ಬೆಳಕಿನ ಬಗ್ಗೆ ಪ್ರಶ್ನೆ ಕೇಳುತ್ತಿದ್ದಳು. ಒಮ್ಮೆ ಸೆಕ್ರೆಟರಿ ಯಾರಿಗೋ ಅವನ ಪರಿಚಯ ಮಾಡಿಸುತ್ತ “ಇವರು ಸುಗುಣಾ ಮೇಡಮ್ಮನ ಮಿಸ್ಟರ್” ಎಂದ. ಹೃಷೀಕೇಶ ನಕ್ಕ. ಮನೆಗೆ ಬಂದು ಚಪ್ಪಲಿ ಬಿಡುವವರೆಗೂ ಆ ನಗು ಮುಖದ ಮೇಲೆ ಹಾಗೇ ಇತ್ತು, ಹೊಟ್ಟೆಯೊಳಗೆ ಮಾತ್ರ ಉರಿ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದನೋ ಏನೋ. ದೀಪಾವಳಿ ಕಳೆದ ಮೇಲೊಂದು ಸಂಜೆ ಸುಗುಣಾ ಬೆಂಡೆಕಾಯಿ ಹುರಿಯುತ್ತ, ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದಳು.

“ಹೊಸ ಮನೆಗೆ ನಾನು ಮತ್ತೆ ಅಪರ್ಣಾ ಹೋಗುವುದು. ನೀವು ಬೇರೆ ಎಲ್ಲಿಯಾದ್ರೂ ನೋಡಿಕೊಳ್ಳಿ.”

ಅಪರ್ಣಾ ಅವಳ ತಂಗಿ, ಗಂಡ ತೀರಿಕೊಂಡ ಮೇಲೆ ಕೋಪರಖೈರಣೆಯಲ್ಲಿ ಬಾಡಿಗೆಗೆ ಇದ್ದವಳು.

“ತಮಾಷೆಯಾ?” ಎಂದ ಹೃಷೀಕೇಶ.

“ತಮಾಷೆ ಎಂಥದ್ದು. ವಕೀಲರ ಹತ್ರ ಕೇಳಿ ಬಂದಾಗಿದೆ. ಜಗಳ ಎಲ್ಲ ಬೇಡ. ಸಾಕಾಗಿದೆ ನನಗೆ.”

“ಏನು ಸಾಕಾಗಿದೆ? ನಾನೇನು ಕುಡಿದು ಬಂದು ಹೊಡೀತೇನಾ?”

“ಅದೇ ಹೇಳಿದ್ದು. ನೀವು ಏನೂ ಮಾಡುವುದಿಲ್ಲ.” ಅವಳು ಸೌಟಿನಿಂದ ಬಾಣಲೆಯ ತಳ ಕೆರೆದಳು. “ಏನಂದ್ರೆ ಏನೂ.”

ಅವಳು ಕೂಗಾಡಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ತಿಂಗಳು ತಿಂಗಳು ಸಂಬಳ ತಂದವನು, ಕೈಯೆತ್ತದವನು, ಸಾರಿಗೆ ಉಪ್ಪು ಕಡಿಮೆಯಾದರೂ ಮಾತಾಡದೆ ಉಂಡವನು. ಇನ್ನೇನು ಮಾಡಬೇಕಿತ್ತು? ಮನೆ ತನ್ನಷ್ಟಕ್ಕೇ ನಡೆಯುತ್ತಿತ್ತಲ್ಲ. ಅವತ್ತು ಬೆಂಡೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡು ಉಂಡ. ಕೈ ತೊಳೆಯುವಾಗ ಒಂದು ವಿಷಯ ಸ್ಪಷ್ಟವಾಯಿತು. ಮಕ್ಕಳಿಲ್ಲ. ವಕೀಲರ ಹತ್ತಿರ ಬರೇ ಕೇಳಿ ಬಂದಿದ್ದಾಳೆ, ಕಾಗದ ಇನ್ನೂ ಆಗಿಲ್ಲ. ಸುಗುಣಾ ಇಲ್ಲವೆಂದಾದರೆ ಮನೆ ನೇರವಾಗಿ ಗಂಡನಿಗೆ.

ಹೃಷೀಕೇಶ ಬೇಲಾಪುರದಲ್ಲಿ ಒಂದು ಮೊಬೈಲ್ ಕಂಪನಿಯ ಕಚೇರಿಯಲ್ಲಿದ್ದ. ಪೊಲೀಸರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವ ವಿಭಾಗ ಅವನದು. ಯಾರದಾದರೂ ಫೋನು ಎಲ್ಲಿದೆ ಎಂದು ಪೊಲೀಸರಿಗೆ ತಿಳಿಯಬೇಕಾದರೆ ಸಾಮಾನ್ಯವಾಗಿ ದೊಡ್ಡ ಸಾಹೇಬರ ಸಹಿ ಬೇಕು, ಕಾಗದ ಬೇಕು, ಕಾಯಬೇಕು. ಜೀವಕ್ಕೆ ಅಪಾಯ ಎಂದಾದರೆ ಮಾತ್ರ ದಾರಿ ಬೇರೆ. ಕಳೆದುಹೋದ ಮಗು, ಸಾಯುತ್ತೇನೆಂದು ಹೇಳಿ ಹೊರಟ ಹುಡುಗ, ಹಾದಿ ತಪ್ಪಿದ ಮುದುಕ, ಇಂಥವರ ವಿಷಯದಲ್ಲಿ ಪೊಲೀಸ್ ಸ್ಟೇಶನ್ನಿನಿಂದ ಒಂದು ತುರ್ತು ಮೇಲ್ ಬಂದರೆ ಸಾಕು. ಚಹಾ ಆರುವುದರೊಳಗೆ ಟವರಿನ ವಿವರ ಹೋಗುತ್ತಿತ್ತು, ಕಾಗದಪತ್ರ ಆಮೇಲೆ ಬರುತ್ತಿತ್ತು. ಕಲ್ಯಾಣದ ಆಚೆ ರೈಲು ಹಳಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳನ್ನು ಹೀಗೆ ಪತ್ತೆ ಹಚ್ಚಿ, ಎಬ್ಬಿಸಿ, ಡೊಂಬಿವಲಿಯ ಅವಳ ಮನೆಗೆ ಮುಟ್ಟಿಸಿದ್ದರು. ಉತ್ತರ ಕಳಿಸಿದವನು ಹೃಷೀಕೇಶ. ಆಗ ಡೊಂಬಿವಲಿಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಶಿವರಾಜ ಅವನನ್ನು ಕರೆಸಿ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟಿದ್ದ. ಕಾಯಿ ಚಟ್ನಿಯಾಯಿತು, ಶಾಲು ಕಪಾಟು ಸೇರಿತು. ಶಿವರಾಜ ಈಗ ಕೋಪರಿಗೇ ವರ್ಗವಾಗಿ ಬಂದಿದ್ದ.

ಬೇಲಿಯೇ ಎದ್ದು ಹೊಲ ಮೇಯಲು ಹೊರಟರೆ ಬೇಲಿಗೆ ಒಂದು ಅನುಕೂಲವಿದೆ, ಹೊಲ ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ವರ್ಷಾನುಗಟ್ಟಲೆ ಆ ಕುರ್ಚಿಯಲ್ಲಿ ಕೂತು ಹೃಷೀಕೇಶ ಒಂದು ಸತ್ಯ ಕಂಡುಕೊಂಡಿದ್ದ. ಪೊಲೀಸರು ಈಗ ಮನುಷ್ಯರನ್ನು ಹುಡುಕುವುದಿಲ್ಲ, ಫೋನು ಹುಡುಕುತ್ತಾರೆ. ಫೋನು ಟವರಿಗೆ ಓಗೊಡುತ್ತಿದ್ದರೆ ಮನುಷ್ಯ ಬದುಕಿದ್ದಾನೆ. ಫೋನು ಯಾವಾಗ ನಿಂತಿತೋ ಮನುಷ್ಯನ ಉಸಿರೂ ಆಗಲೇ ನಿಂತಿತು ಎಂದು ಪಂಚನಾಮೆಯಲ್ಲಿ ಬರೆಯುತ್ತಾರೆ. ಹೀಗಿರುವಾಗ ಮನುಷ್ಯ ಬೆಳಿಗ್ಗೆ ಹೋಗಿ, ಫೋನು ಸಂಜೆ ಹೋದರೆ? ಆ ಸಂಜೆ ಗಂಡ ಪೊಲೀಸರ ಎದುರೇ ಕೂತಿದ್ದರೆ?

ಯೋಚನೆ ಬಂದ ದಿನ ಅವನು ಥಾಣೆಯ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿಯೂ ಕೂರಲಿಲ್ಲ, ಬಾಗಿಲಲ್ಲೇ ನಿಂತು ಬಂದ. ಅಷ್ಟು ಸಂತೋಷವಾಗಿತ್ತು.

ಉಳಿದದ್ದೆಲ್ಲ ತಾಳ್ಮೆಯ ಕೆಲಸ. ಟವರು ಹೇಳುವುದು ಓಣಿಗಳ ಅಂದಾಜು ಮಾತ್ರ, ಬಾಗಿಲ ನಂಬರಲ್ಲ. ಟಿವಿ ನೋಡಿ ಬುದ್ಧಿ ಕಲಿತ ಕಳ್ಳರಿಗೆ ಇದು ಗೊತ್ತಿರುವುದಿಲ್ಲ. ತನ್ನ ಮನೆ, ಪೊಲೀಸ್ ಸ್ಟೇಶನ್, ಸಮುದ್ರದ ನೀರು ಒಳಗೆ ಬರುವ ಖಾಡಿಯ ದಂಡೆ, ಮೂರೂ ಒಂದೇ ಟವರಿನ ಒಂದೇ ಮಗ್ಗುಲಿಗೆ ಬೀಳುತ್ತವೆಂದು ಕಚೇರಿಯಲ್ಲಿ ಕೂತೇ ಖಾತ್ರಿ ಮಾಡಿಕೊಂಡ. ಅಂದರೆ ಸುಗುಣಾಳ ಫೋನು ತನ್ನ ಬ್ಯಾಗಿನಲ್ಲಿ, ಪೊಲೀಸರ ಮೇಜಿನ ಈಚೆಗೇ ಇದ್ದರೂ ಉತ್ತರ ಬರುವುದು ‘ಕೋಪರಿ, ಖಾಡಿಯ ಕಡೆ’ ಎಂದೇ. ಪೊಲೀಸರು ಅವಳನ್ನು ಹುಡುಕಲು ದಂಡೆಗೆ ಓಡುತ್ತಾರೆ. ಕಂಗಾಲಾದ ಗಂಡನೂ ಜೊತೆಗೆ ಓಡುತ್ತಾನೆ. ಆ ಗಡಿಬಿಡಿಯಲ್ಲಿ ಬ್ಯಾಗಿನ ಪಕ್ಕದ ಜೇಬಿನಿಂದ ಫೋನು ನೀರಿಗೆ ಜಾರುತ್ತದೆ. ಟವರಿನ ಲೆಕ್ಕದಲ್ಲಿ ಸುಗುಣಾ ಸಾಯುವುದು ಆಗ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನೆಲ ಹದ ಮಾಡುವುದೂ ಬೇಕಿತ್ತು. ಹಳೆ ಮನೆ ಬಿಡಬೇಕಲ್ಲ ಎಂದು ಅವಳಿಗೆ ತುಂಬ ಬೇಸರ, ಸರಿಯಾಗಿ ನಿದ್ದೆ ಮಾಡುವುದಿಲ್ಲ, ಒಬ್ಬಳೇ ಏನೇನೋ ಗೊಣಗುತ್ತಾಳೆ ಎಂದು ಅಕ್ಕಪಕ್ಕದವರ ಕಿವಿಗೆ ಹಾಕತೊಡಗಿದ. ಜನ ಲೊಚಗುಟ್ಟಿದರು. ಅಪರ್ಣಾಳಿಗೂ ಫೋನು ಮಾಡಿ ಅದನ್ನೇ ಹೇಳಿದ.

“ಅಕ್ಕನಿಗಾ? ಬೇಸರವಾ?” ಎಂದಳು ಅಪರ್ಣಾ. “ನಿನ್ನೆ ಹೊಸ ಮನೆಗೆ ಪರದೆ ಯಾವ ಬಣ್ಣದ್ದು ಹಾಕುವಾ ಅಂತ ಗಂಟೆಗಟ್ಟಲೆ ತಲೆ ತಿಂದಳಲ್ಲ ಭಾವ.”

“ಹೊರಗೆ ತೋರಿಸುವುದಿಲ್ಲ ಅವಳು. ಒಳಗೆ ತುಂಬ ಉಂಟು,” ಎಂದ ಹೃಷೀಕೇಶ. ಹೇಳಿ ಹೇಳಿ ಅವನಿಗೇ ಸ್ವಲ್ಪ ನಂಬಿಕೆ ಬರತೊಡಗಿತ್ತು. ಗಂಡನನ್ನು ಬಿಟ್ಟು ಹೋಗುತ್ತೇನೆ ಎನ್ನುವ ಹೆಂಗಸಿನ ತಲೆ ನೆಟ್ಟಗಿರಲು ಸಾಧ್ಯವೇ?

ಜಾಗ ಮತ್ತು ಹೊತ್ತನ್ನು ಸುಗುಣಾಳೇ ಒದಗಿಸಿಕೊಟ್ಟಳು. ಮನೆ ಖಾಲಿ ಮಾಡುವ ಮೊದಲು ಹಳೆಯ ದೇವರ ಪಟಗಳನ್ನು ಕಸಕ್ಕೆ ಹಾಕುವಂತಿಲ್ಲ, ಹರಿಯುವ ನೀರಿಗೇ ಬಿಡಬೇಕು ಎಂದಳು. ಗಾಜು ಒಡೆದ ಕೃಷ್ಣ, ಗೆದ್ದಲು ತಿಂದ ಲಕ್ಷ್ಮಿ, ಅತ್ತೆ ಊರಿನಿಂದ ತಂದಿದ್ದ ಮಸಿ ಹಿಡಿದ ಗಣಪತಿ. “ಭಾನುವಾರ ಬೆಳಿಗ್ಗೆ ಹೋಗುವಾ, ಜನ ಏಳುವ ಮೊದಲು,” ಎಂದ ಹೃಷೀಕೇಶ. ಅವಳು ಆಶ್ಚರ್ಯದಿಂದ ನೋಡಿದಳು. ಇಷ್ಟು ವರ್ಷದಲ್ಲಿ ಅವನು ತಾನಾಗಿ ಒಂದು ಕೆಲಸಕ್ಕೆ ಬರುತ್ತೇನೆಂದದ್ದು ಅದೇ ಮೊದಲು. ಅವಳ ಮುಖ ಒಂದಿಷ್ಟು ಮೆತ್ತಗಾದದ್ದನ್ನು ಅವನು ಗಮನಿಸಿದ. ಗಮನಿಸಿ, ಆ ಭಾನುವಾರ ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ನೋಡಿಕೊಂಡ.

ಖಾಡಿಯ ದಂಡೆಯಲ್ಲಿ ಮೀಠ್ ಬಂದರಿನ ಕಟ್ಟೆ ದಾಟಿ ಸ್ವಲ್ಪ ಮುಂದೆ ಹೋದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವೆ ಒಡೆದ ಮೆಟ್ಟಿಲುಗಳಿವೆ. ನೀರು ತುಂಬಿ ನಿಂತಿತ್ತು, ಇನ್ನೇನು ಇಳಿಯುವ ಹೊತ್ತು. ಅವನ ಫೋನು ಮನೆಯಲ್ಲಿ ಚಾರ್ಜಿಗೆ ಇತ್ತು. ಸುಗುಣಾ ಚಪ್ಪಲಿ ಬಿಟ್ಟು, ಪಟಗಳನ್ನು ಎದೆಗೆ ಅವಚಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದಳು. ದೇವರನ್ನು ಮುಟ್ಟುವಾಗ ಚಪ್ಪಲಿ ಬಿಡುವುದು ಅವಳ ಪದ್ಧತಿ. ಸಾಯುವವರೂ ದಂಡೆಯ ಮೇಲೆ ಚಪ್ಪಲಿ ಬಿಟ್ಟೇ ಹೋಗುತ್ತಾರೆ ಎಂದು ಹೃಷೀಕೇಶನಿಗೆ ಹೊಳೆಯಿತು. ತಾನು ಯೋಚಿಸದೆ ಬಿಟ್ಟಿದ್ದ ವಿವರವನ್ನೂ ದೇವರೇ ತುಂಬಿಕೊಡುತ್ತಿದ್ದಾನೆ.

“ಬ್ಯಾಗು ಕೊಡು, ನಾನು ಹಿಡ್ಕೊಳ್ತೇನೆ,” ಎಂದ.

ಅವಳು ಕೊಟ್ಟಳು. “ಜಾಗ್ರತೆ, ಅದರಲ್ಲಿ ಫೋನುಂಟು. ಒದ್ದೆ ಮಾಡಬೇಡಿ,” ಎಂದಳು.

ಅವಳು ಹೇಳಿದ ಕೊನೆಯ ಮಾತು ಅದು. ಗಣಪತಿಯನ್ನು ಬಿಡಲು ಬಗ್ಗಿದಾಗ ಅವನು ಮಾಡಬೇಕಾದ್ದು ಬಹಳ ಸಣ್ಣ ಕೆಲಸವಾಗಿತ್ತು, ಅದನ್ನು ಮಾಡಿದ. ಅವಳಿಗೆ ಈಜು ಬರುತ್ತಿರಲಿಲ್ಲ. ಇಳಿತದ ನೀರು ಅವಳನ್ನು ಸೆಳೆದುಕೊಂಡು ಹೋಗುವವರೆಗೆ ಅವನು ಕಾಂಡ್ಲದ ಎಲೆಗಳನ್ನು ನೋಡುತ್ತ ನಿಂತಿದ್ದ. ಹೆದರಿಕೆಯಾಯಿತು. ಆಮೇಲೆ ಅದೂ ಇಳಿಯಿತು. ಫೋನು ಮಾತ್ರ ತೆಗೆದಿಟ್ಟುಕೊಂಡು ಅವಳ ಬ್ಯಾಗನ್ನು ನೀರಿಗೆ ಬಿಟ್ಟ. ದಾರಿಯಲ್ಲಿ ಗುರುತಿನವರು ಯಾರೂ ಸಿಗಲಿಲ್ಲ.

ಮನೆಯಲ್ಲಿ ಅವಳ ಫೋನನ್ನು ಶಾಸ್ತ್ರೋಕ್ತವಾಗಿ ಸಿದ್ಧಪಡಿಸಿದ. ಸೈಲೆಂಟಿಗೆ ಹಾಕಿದ, ಗುರ್ರೆನ್ನುವುದನ್ನೂ ನಿಲ್ಲಿಸಿದ. ನಿಖರ ಜಾಗ ತೋರಿಸುವ ಲೊಕೇಶನ್ ಬಂದ್ ಮಾಡಿದ. ಬ್ಯಾಟರಿ ತುಂಬಿಸಿದ, ಏಕೆಂದರೆ ಸಂಜೆಯವರೆಗೆ ಅದು ಬದುಕಿರಲೇಬೇಕು. ತನ್ನ ಫೋನಿನಿಂದ ಒಮ್ಮೆ ಕರೆ ಮಾಡಿ ಪರೀಕ್ಷಿಸಿದ. ಸದ್ದಿಲ್ಲ, ಮಿಸುಕಾಟವಿಲ್ಲ, ಬರೇ ಬೆಳಕು. ಆ ಕರೆಯೂ ಹೆಂಡತಿಯನ್ನು ಹುಡುಕುವ ಗಂಡನ ಕರೆಯಾಗಿ ದಾಖಲಾಯಿತಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ಮೆಚ್ಚುಗೆ ಬಂತು. ಒಲೆಯ ಮೇಲೆ ಸುಗುಣಾ ಬೆಳಿಗ್ಗೆಯೇ ಮಾಡಿಟ್ಟಿದ್ದ ಸಾರು, ಅನ್ನ ಇತ್ತು. ಮಧ್ಯಾಹ್ನ ಅದನ್ನು ಉಂಡ. ಸಾರಿಗೆ ಉಪ್ಪು ಸರಿಯಾಗಿತ್ತು.

ಊಟದ ಹೊತ್ತಿಗೆ ಸುಗುಣಾಳ ಫೋನಿನಲ್ಲಿ ಅಪರ್ಣಾಳ ಹೆಸರು ಮಿನುಗಿ ಆರಿತು, ಮತ್ತೆ ಮಿನುಗಿತು. ಆಮೇಲೆ ಅವನ ಫೋನು ಬಡಿದುಕೊಂಡಿತು.

“ಭಾವ, ಅಕ್ಕ ಎಲ್ಲಿ? ಫೋನು ತೆಗೀತಾನೇ ಇಲ್ಲ.”

“ನಾನು ಎದ್ದಾಗ ಮನೆಯಲ್ಲಿರಲಿಲ್ಲ. ದೇವಸ್ಥಾನಕ್ಕೆ ಹೋಗಿರ್ಬೇಕು ಅಂತ ಕೂತಿದ್ದೇನೆ.” ದನಿ ಇಳಿಸಿ ಹೇಳಿದ, “ದೇವರ ಪಟಗಳೂ ಇಲ್ಲ ಅಪರ್ಣಾ. ನಿನ್ನೆ ಏನೇನೋ ಮಾತಾಡ್ತಿದ್ದಳು. ನನಗೆ ಕೈಕಾಲು ಆಡ್ತಾ ಇಲ್ಲ.”

“ಕೂತದ್ದು ಎಂಥಕ್ಕೆ ಮತ್ತೆ? ಪೊಲೀಸರ ಹತ್ರ ಹೋಗಿ. ನಾನೀಗ ಹೊರಟೆ, ಮುಂದಿನ ಗಾಡಿಗೆ ಬರ್ತೇನೆ.” ಅಪರ್ಣಾ ಅಳುತ್ತಿದ್ದಳು.

ಅಕ್ಕ ಬಂದರೆ ಯಾರಾದರೂ ಬೇಕಲ್ಲ ಎಂದು ಅಪರ್ಣಾಳನ್ನು ಮನೆಯಲ್ಲಿ ಕೂರಿಸಿ, ದೇವಸ್ಥಾನಗಳಲ್ಲಿ ಹುಡುಕುವ ನೆಪದಲ್ಲಿ ಸುತ್ತಾಡಿ, ಹೊತ್ತು ಇಳಿದ ಮೇಲೆ ಹೃಷೀಕೇಶ ಪೊಲೀಸ್ ಸ್ಟೇಶನ್ನಿಗೆ ಹೋದ. ಅಂಗಿಯ ಒಂದು ಗುಂಡಿಯನ್ನು ಬೇಕೆಂದೇ ತಪ್ಪಾಗಿ ಹಾಕಿಕೊಂಡಿದ್ದ. ಸುಗುಣಾಳ ಫೋನು ಹೆಗಲ ಬ್ಯಾಗಿನ ಪಕ್ಕದ ಜೇಬಿನಲ್ಲಿತ್ತು.

“ಬರ್ರಿ ರಾವ್ ಸಾಹೇಬ್ರ, ಕುಂದರ್ರಿ,” ಎಂದು ಶಿವರಾಜ ಎದ್ದು ನಿಂತ. ಸೊಲ್ಲಾಪುರದ ಕಡೆಯವನು, ಮನೆಯ ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡುವವನು. “ಏನಾತು? ಮುಖ ಯಾಕ ಹಿಂಗಾಗೇದ?”

ಹೃಷೀಕೇಶ ಹೇಳಿದ. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ. ತನ್ನ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟು, “ಅವಳು ಫೋನು ಮಾಡಿಯಾಳು ಅಂತ ನೋಡ್ತಾನೇ ಇದ್ದೇನೆ,” ಎಂದ. ಆ ಮಾತಿಗೆ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಜ್ಯೋತಿ ತಲೆಯೆತ್ತಿ ಕನಿಕರದಿಂದ ನೋಡಿದಳು. ಅವಳು ಕೋಪರಿಯ ಸೊಸೆ, ಅವನ ಕಟ್ಟಡದಿಂದ ಎರಡು ಓಣಿ ಆಚೆ ಅವಳ ಮನೆ.

“ಜೀವದ ಪ್ರಶ್ನಾ ಅದ,” ಎಂದ ಶಿವರಾಜ. “ಲೆಟರ್ ಗಿಟರ್ ಆಮ್ಯಾಲ. ಮೊದಲ ನಿಮ್ಮ ಆಫೀಸಿಗೇ ಮೇಲ್ ಹಾಕೋಣು.”

ಭಾನುವಾರದ ಪಾಳಿಯಲ್ಲಿ ವಿಶ್ರುತನಿದ್ದ, ಹೃಷೀಕೇಶನೇ ಕೈಹಿಡಿದು ಕೆಲಸ ಕಲಿಸಿದವನು. ತುರ್ತು ಮೇಲ್ ಬಂದರೆ ಊಟದ ಡಬ್ಬಿ ಬಿಟ್ಟೇಳಬೇಕು, ಅಲ್ಲಿ ಒಂದು ಪ್ರಾಣ ಕಾಯುತ್ತಿರುತ್ತದೆ ಎಂದು ಅವನಿಗೆ ಹೇಳಿಕೊಟ್ಟಿದ್ದ. ವಿಶ್ರುತ ಗುರುವಿನ ಮಾನ ಉಳಿಸಿದ. ಉತ್ತರ ಎಷ್ಟು ಬೇಗ ಬಂತೆಂದರೆ ಆ ಹೊತ್ತಿನಲ್ಲೂ ಹೃಷೀಕೇಶನಿಗೆ ತನ್ನ ವಿಭಾಗದ ಬಗ್ಗೆ ಹೆಮ್ಮೆಯಾಯಿತು.

ಶಿವರಾಜ ಓದಿ, ಕುರ್ಚಿಯಿಂದ ಮುಂದೆ ಬಾಗಿ ಅವನ ಕೈ ಹಿಡಿದುಕೊಂಡ. “ಫೋನ್ ಚಾಲೂ ಅದರಿ. ಟವರ್ ಇಲ್ಲೇ ಕೋಪರೀದು ತೋರಸ್ಲಿಕ್ಕತ್ತದ, ಖಾಡಿ ಕಡೆ. ಅಂದ್ರ ಅವ್ರು ಇಲ್ಲೇ ಹತ್ರದಾಗ ಅದಾರ. ಧೈರ್ಯಾ ಬಿಡಬ್ಯಾಡ್ರಿ.”

“ಬದುಕಿದ್ದಾಳಾ?” ಎಂದ ಹೃಷೀಕೇಶ.

“ಇದ್ದೇ ಇರ್ತಾರ. ಜೀಪ್ ಬರ್ಲಿಕ್ಕತ್ತದ, ಬಂದ ಕೂಡ್ಲೆ ಮೀಠ್ ಬಂದರಿಗೆ ಹೋಗೋಣು. ನೀವೂ ಬರ್ರಿ, ನಿಮ್ಮ ದನಿ ಕೇಳಿದ್ರ ಹೊರಗ ಬಂದಾರು. ಅಲ್ಲೀತನಾ ಒಂದು ಗುಟುಕು ಚಹಾ ಕುಡೀರಿ.”

ಎಲ್ಲ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ನಡೆದಿತ್ತು. ಸುಗುಣಾ ಬದುಕಿದ್ದಾಳೆಂದು ಕಂಪನಿ ಬರೆದುಕೊಟ್ಟಿತ್ತು, ಪೊಲೀಸರು ಅದನ್ನು ಫೈಲಿಗೆ ಸೇರಿಸಿದ್ದರು, ಗಂಡ ಅವರ ಕಣ್ಣೆದುರೇ ಕೂತಿದ್ದ. ಇನ್ನು ಉಳಿದದ್ದು ಜೀಪು, ದಂಡೆ, ಜೋಡಿ ಚಪ್ಪಲಿ, ನೀರಿಗೆ ಬೀಳುವ ಒಂದು ಸಣ್ಣ ಸದ್ದು. ಹೃಷೀಕೇಶ ಚಹಾದ ಲೋಟ ಎತ್ತಿಕೊಂಡ. ಕೈ ನಡುಗುತ್ತಿರಲಿಲ್ಲ, ಅದಕ್ಕಾಗಿ ಸ್ವಲ್ಪ ನಡುಗಿಸಿದ. ಹೊರಗೆ ಜೀಪು ಬಂದು ನಿಂತ ಸದ್ದಾಯಿತು.

ಎಲ್ಲರೂ ಏಳುತ್ತಿರುವಾಗ ಜ್ಯೋತಿಯ ಫೋನು ಟಣಟಣ ಬಡಿದುಕೊಂಡಿತು. “ಸಾರಿ ಸರ್, ಪಾಣೀ ಆಲಂ,” ಎಂದು, ನೀರು ಬಂತೆಂಬುದನ್ನು ಮರಾಠಿಯಲ್ಲಿ ಹೇಳಿ, ಅವಳು ನಾಚಿಕೊಂಡು ಅಲಾರಂ ನಿಲ್ಲಿಸಿದಳು. ಆ ಓಣಿಗಳಿಗೆ ಕಾರ್ಪೊರೇಶನ್ ನೀರು ಬಿಡುವುದು ಸಂಜೆ ಆ ಹೊತ್ತಿಗೆ, ಅದೂ ಗಳಿಗೆ ಹೊತ್ತು ಮಾತ್ರ. ಮರೆತರೆ ಮರುದಿನದವರೆಗೆ ಬಕೆಟ್ಟು ಒಣ ಒಣ, ಹಾಗಾಗಿ ಅಲ್ಲಿ ಮನೆ ನಡೆಸುವ ಹೆಂಗಸರೆಲ್ಲ ಫೋನಿನಲ್ಲಿ ಅಲಾರಂ ಇಟ್ಟಿರುತ್ತಾರೆ. ಜ್ಯೋತಿಯ ಫೋನು ಸುಮ್ಮನಾದ ಮೇಲೂ ಕೋಣೆಯಲ್ಲಿ ಗಂಟೆ ನಿಲ್ಲಲಿಲ್ಲ. ಹೃಷೀಕೇಶ ಮೇಜಿನ ಮೇಲಿನ ತನ್ನ ಫೋನನ್ನು ನೋಡಿದ, ಶಿವರಾಜನೂ ಅದನ್ನೇ ನೋಡಿದ, ಅದು ತೆಪ್ಪಗೆ ಮಲಗಿತ್ತು. ಗಂಟೆ ಬರುತ್ತಿದ್ದದ್ದು ಹೆಗಲ ಬ್ಯಾಗಿನ ಪಕ್ಕದ ಜೇಬಿನಿಂದ. “ತಗೀರಿ, ರಾವ್ ಸಾಹೇಬ್ರ,” ಎಂದ ಶಿವರಾಜ, ದನಿ ಏರಿಸದೆ. ಫೋನನ್ನು ಸೈಲೆಂಟಿಗೆ ಹಾಕಿದರೂ ಅಲಾರಂ ಬಾಯಿ ಮುಚ್ಚುವುದಿಲ್ಲ ಎಂಬುದು ಅವನ ವಿಭಾಗದ ಎಳೆಯರಿಗೂ ಗೊತ್ತಿದ್ದ ವಿಷಯ. ಆದರೆ ಅಲಾರಂ ಇದೆಯೆಂದು ಗೊತ್ತಿದ್ದರಲ್ಲವೇ ಅದನ್ನು ಆರಿಸುವುದು. ಆ ಹೊತ್ತಿಗೆ ಅವನು ವಾರವೆಲ್ಲ ಬೇಲಾಪುರದಲ್ಲಿರುತ್ತಿದ್ದ, ಭಾನುವಾರ ಸಂಘದ ಕೇರಂ ಬೋರ್ಡಿನ ಮುಂದೆ. ಮದುವೆಯಾದಾಗಿನಿಂದ ಆ ನೀರಲ್ಲೇ ಮಿಂದಿದ್ದ, ಅದನ್ನೇ ಕುಡಿದಿದ್ದ, ಮನೆಗೆ ಅದು ಯಾವಾಗ ಬರುತ್ತದೆಂದು ಮಾತ್ರ ಒಂದು ದಿನವೂ ಅವನಿಗೆ ಗೊತ್ತಿರಲಿಲ್ಲ.